ಬಾಗಿಲಲ್ಲಿ ಬಿಟ್ಟ ಬೂಟು

"ನಾಲ್ಕು ನಿಮಿಷ ಹನ್ನೊಂದು ಸೆಕೆಂಡ್!"

ನಾನು ಕೂಗಿದ ರಭಸಕ್ಕೆ ಮೆಟ್ಟಿಲ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿದ್ದ ಬೆಕ್ಕು ಎದ್ದು ಓಡಿತು. ಜನ ಮಾತ್ರ ಅಲ್ಲಾಡಲಿಲ್ಲ. ನಮ್ಮ ದ್ವೀಪದ ಅಕಾಸೆ ಇಗರ್ಜಿಯ ಜಗಲಿಯಲ್ಲಿ ಮೂವತ್ತೇಳು ಜನ ಒಬ್ಬರ ಬೆನ್ನಿಗೊಬ್ಬರು ಒತ್ತಿಕೊಂಡು, ಸೊಂಟ ಬಗ್ಗಿಸಿ, ತಂತಮ್ಮ ಬೂಟು ಹುಡುಕುತ್ತಿದ್ದರು.

"ಒಳಗೆ ಬೆಂಕಿ ಬಿದ್ದಿದೆ ಅಂತ ತಿಳ್ಕೊಳ್ಳಿ ಅಂದೆ. ನೀವು ಲೇಸು ಕಟ್ತಾ ಕೂತಿದೀರಲ್ರೀ!"

"ನೀವು ಮೊದಲು ಹಾಕ್ಕೊಳ್ಳಿ."

"ಛೆ ಛೆ, ದೊಡ್ಡವರು ನೀವು. ನೀವೇ ಮೊದಲು."

"ಯಾರೋ ನನ್ನ ಬೂಟನ್ನ ಒಳಗೆ ಮುಖ ಮಾಡಿಟ್ಟಿದಾರೆ. ಹೊರಗೆ ಮುಖ ಮಾಡಿ ಇಡ್ಬೇಕು ಅನ್ನೋ ಬುದ್ಧಿ ಬೇಡ್ವಾ?"

ಹಿಂದೆ ನಿಂತಿದ್ದ ಹೆಂಗಸರು ಸುಮ್ಮನೆ ನಿಂತಿರಲಿಲ್ಲ. ತಲೆಯ ಬಿಳಿ ಮುಸುಕು ತೆಗೆದು, ನಾಲ್ಕು ಮಡಿಕೆ ಮಾಡಿ, ಮೂಲೆಗೆ ಮೂಲೆ ಕೂಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಬೆಂಕಿಯಲ್ಲಿ ಸತ್ತರೂ ಸುಕ್ಕಿಲ್ಲದ ಮುಸುಕಿನಲ್ಲಿ ಸಾಯುವ ಹೆಂಗಸರು ನಮ್ಮವರು.

ನನಗೆ ತಲೆ ಚಿಟ್ಟು ಹಿಡಿಯಿತು. ನಾಳೆ ಭಾನುವಾರ. ಮೂರು ವಾರದ ಹಿಂದೆ ಕಾಣಿಕೆ ಚೀಲದಲ್ಲಿ ಸಿಕ್ಕ ಆ ಪತ್ರ ಹೇಳಿದ ಭಾನುವಾರ: "ಅಂದು ಇಗರ್ಜಿಗೆ ಬೆಂಕಿ ಬೀಳುತ್ತದೆ. ಅದಕ್ಕೆ ಮುಂಚೆ ಮಾತೆಯನ್ನು ಹೊರಗೆ ತನ್ನಿ." ಅದನ್ನು ಬರೆದವರು ಯಾರೆಂದು ಇನ್ನೂ ಗೊತ್ತಾಗಿರಲಿಲ್ಲ.

ಧರ್ಮಪ್ರಾಂತ್ಯದ ಕಚೇರಿ ಒಂದೇ ಮಾತು ಹೇಳಿತ್ತು. ನಾಳೆ ಬೆಳಿಗ್ಗೆ ಅವರ ಅಧಿಕಾರಿ ದೋಣಿಯಲ್ಲಿ ಬರುತ್ತಾನೆ. ಅವನ ಕಣ್ಣೆದುರು ಎರಡು ನಿಮಿಷದೊಳಗೆ ಎಲ್ಲರೂ ಹೊರಗೆ ಬರಬೇಕು, ಗೂಡಿನಲ್ಲಿರುವ ಮಾತೆಯ ಮೂರ್ತಿಯೂ ಬರಬೇಕು. ಬಂದರೆ ಪೂಜೆ ನಡೆಯುತ್ತದೆ. ಬರದಿದ್ದರೆ ಬಾಗಿಲಿಗೆ ಬೀಗ, ಮಾತೆ ನಾಗಸಾಕಿಯ ಉಗ್ರಾಣಕ್ಕೆ. ಹೀಗೆ ಒಮ್ಮೆ ಬೀಗ ಬಿದ್ದ ದ್ವೀಪದ ಇಗರ್ಜಿಗಳು ಮತ್ತೆ ತೆರೆದದ್ದನ್ನು ನಾನು ನೋಡಿಲ್ಲ.

ಈ ಜವಾಬ್ದಾರಿ ನನ್ನ ತಲೆಗೆ ಬಿದ್ದದ್ದಕ್ಕೆ ಕಾರಣವಿದೆ. ಊರಿನಲ್ಲಿ ಪೊಲೀಸ್ ಕೆಲಸ ಮಾಡಿದವಳು ನಾನೊಬ್ಬಳೇ. ಮೂವತ್ತೊಂದು ವರ್ಷ ಬೆರಳಚ್ಚು ವಿಭಾಗದಲ್ಲಿ ಕಣ್ಣು ಸವೆಸಿ, ನಿವೃತ್ತಿಯಾಗಿ ಊರಿಗೆ ಬಂದವಳು. ಉರಕವಾ ಸೆತ್ಸು ಎಂದರೆ ಕೈ ನೋಡಿ ಮನುಷ್ಯರನ್ನು ಹೇಳುತ್ತಾಳೆ ಎಂದು ಇಲಾಖೆಯಲ್ಲಿ ಮಾತಿತ್ತು. ಅದು ಉತ್ಪ್ರೇಕ್ಷೆ ಏನಲ್ಲ.

"ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋ ಜನ ನಾವು," ಎಂದು ಗೆಂಜಿ ನಕ್ಕ. "ಬಿಡಕ್ಕ, ಬೈಬೇಡ. ಇನ್ನೊಂದ್ಸಲ ಮಾಡೋಣ."

ಇವಾಮುರಾ ಗೆಂಜಿ ನಮ್ಮ ಊರ ಅಗ್ನಿದಳದ ಮುಖ್ಯಸ್ಥ. ದಳವೆಂದರೆ ಆರು ಮೀನುಗಾರರು, ಒಂದು ಪಂಪು, ಬಂದರಿನಲ್ಲೊಂದು ಕೊಟ್ಟಿಗೆ. ಹಾರುಮೀನಿನ ಬಲೆ ಎಳೆದು ಎಳೆದು ಹೆಗಲು ಬಾಗಿಲಿನಷ್ಟು ಅಗಲವಾಗಿದೆ. ಬೆಳಿಗ್ಗೆ ಅವನನ್ನು ಕೊಟ್ಟಿಗೆಯಿಂದ ಇಗರ್ಜಿಯವರೆಗೆ ಮೂರು ಸಲ ಓಡಿಸಿದ್ದೆ. ತೊಂಬತ್ತಾರು ಕಲ್ಲು ಮೆಟ್ಟಿಲು. ಅವನ ಅತ್ಯುತ್ತಮ ಓಟ ಒಂದು ನಿಮಿಷ ಇಪ್ಪತ್ತು ಸೆಕೆಂಡ್. ಅದನ್ನೂ ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಬೆಂಕಿಯಾರಿಸುವ ಸಿಲಿಂಡರ್ ಎಲ್ಲಿದೆ, ಕಿವಿ ಕೇಳದ ಮೊರಿತಾ ತಾತನ ಹೆಗಲು ತಟ್ಟಬೇಕಾದವರು ಯಾರು, ನೀರಿನ ಕೊಳವೆ ಎಷ್ಟು ಉದ್ದ, ಎಲ್ಲವೂ ಅದರಲ್ಲಿತ್ತು.

"ಎಲ್ಲರೂ ಕೇಳಿ," ಎಂದೆ. "ಬೂಟಿನ ತಂಟೆಗೆ ಯಾರೂ ಹೋಗೋ ಹಾಗಿಲ್ಲ. ಬರಿಗಾಲಲ್ಲಿ ಬನ್ನಿ."

ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡರು. ಇಗರ್ಜಿಯೊಳಗೆ ಬೂಟು ಹಾಕಿಕೊಂಡು ಹೋಗುವುದು ಹೇಗೆ ಪಾಪವೋ, ಬೂಟಿಲ್ಲದೆ ಅಂಗಳಕ್ಕೆ ಇಳಿಯುವುದೂ ನಮ್ಮವರಿಗೆ ಹಾಗೆಯೇ.

"ಜನವರಿ ಚಳಿ ಸೆತ್ಸು," ಎಂದರು ಯಾರೋ. "ಕಲ್ಲು ಮಂಜಿನ ಹಾಗಿದೆ."

"ಥೂ ನಿಮ್ಮ!"

ಈ ಸಲ ಬೈದದ್ದು ನಾನಲ್ಲ. ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ ತೊಮೆ ಅಜ್ಜಿ. ಎಂಬತ್ತನಾಲ್ಕು ವರ್ಷ, ಬಲಗೈ ಮಣಿಕಟ್ಟಿಗೆ ಪಟ್ಟಿ. ನವೆಂಬರಿನಲ್ಲಿ ಜಾರಿ ಬಿದ್ದು ಮೂಳೆ ಮುರಿದಿತ್ತು. ದನಿ ಮಾತ್ರ ಮುರಿದಿರಲಿಲ್ಲ.

"ಕ್ರಿಸ್ತನನ್ನ ನಂಬಿದ್ರು ಅಂತ ನಮ್ಮ ಮುತ್ತಜ್ಜಿಯರನ್ನ ಹಿಡ್ಕೊಂಡು ಹೋದಾಗ ಬೂಟು ಕೊಟ್ಟಿದ್ರಾ? ಹಿಮದ ಮೇಲೆ ಬರಿಗಾಲಲ್ಲಿ ನಿಲ್ಲಿಸಿದ್ರು. ನಂಬಿಕೆ ಬಿಡ್ತೀನಿ ಅಂತ ಒಂದು ಮಾತು ಅಂದಿದ್ರೆ ಮನೆಗೆ ಕಳಿಸ್ತಿದ್ರು. ಒಬ್ಬಳೂ ಅನ್ನಲಿಲ್ಲ. ಈ ಗೋಡೆ ಕಲ್ಲು ಒಂದೊಂದನ್ನೂ ದಡದಿಂದ ಬೆನ್ನ ಮೇಲೆ ಹೊತ್ತು ತಂದಿದ್ದು ಅವರ ಮಕ್ಕಳು. ನಿಮಗೆ ಎಂಟು ಹೆಜ್ಜೆ ಚಳಿ ಆಗುತ್ತಾ?"

ಮೂವತ್ತಾರು ಜನ ತೆಪ್ಪಗೆ ಒಳಗೆ ಹೋದರು. ನನಗೆ ಎದೆಯುಬ್ಬಿತು. ಈ ಮುದುಕಿಯನ್ನು ಇಲಾಖೆಗೆ ಕೊಟ್ಟಿದ್ದರೆ ಅರ್ಧ ಜಿಲ್ಲೆಯನ್ನು ನೇರ ಮಾಡುತ್ತಿದ್ದಳು.

ಎರಡನೆಯ ಸುತ್ತಿಗೆ ಮುಂಚೆ ಬಾಗಿಲ ಕಾವಲಿನ ನಿಯಮ ಹೇಳಿದೆ. ನಾಳೆಯಿಂದ ಜಗಲಿಯಲ್ಲಿ ಸದಾ ಇಬ್ಬರು, ಕುತ್ತಿಗೆಯಲ್ಲಿ ಸೀಟಿ. ಮುಖ ನೋಡುವುದು ಬೇಡ, ಬೂಟು ನೋಡಿದರೆ ಸಾಕು. ನಮ್ಮ ಊರಲ್ಲಿ ಯಾರ ಬೂಟು ಯಾರದ್ದೆಂದು ಕುರುಡರಿಗೂ ಗೊತ್ತು. ಗುರುತಿಲ್ಲದ ಒಂದು ಜೊತೆ ಕಂಡರೂ ಸೀಟಿ ಊದಬೇಕು.

"ನನ್ನ ಭಾವ ಹೊಸ ಬೂಟು ತಗೊಂಡ್ರೂ ಊದಬೇಕಾ ಅಕ್ಕ?" ಗೆಂಜಿ ಕಿಚಾಯಿಸಿದ.

"ಊದು. ಹೆತ್ತ ಮಗನ ಬೂಟಾದ್ರೂ ಸರಿ, ಗುರುತು ಸಿಗದಿದ್ರೆ ಊದು. ನಿಯಮ ಅಂದ್ರೆ ನಿಯಮ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ತೊಮೆ ಅಜ್ಜಿಯ ಒಬ್ಬನೇ ಮಗ ಮಿಕಾಯೆರು ಹತ್ತೊಂಬತ್ತು ವರ್ಷದ ಹಿಂದೆ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ದೋಣಿ ಸಿಕ್ಕಿತು, ದೇಹ ಸಿಗಲಿಲ್ಲ. ಖಾಲಿ ಪೆಟ್ಟಿಗೆ ಹೂತೆವು. ಅಜ್ಜಿಯ ಕಡೆ ಕಳ್ಳನೋಟ ಬೀರಿದೆ. ಅವಳು ಮುಸುಕು ಸರಿಮಾಡಿಕೊಳ್ಳುತ್ತಿದ್ದಳು.

ಬೆಂಕಿಯ ಸೂಚನೆಯ ಗಂಟೆ ಮೊಳಗಿತು, ಮೂರು ಸಲ, ಮತ್ತೆ ಮೂರು ಸಲ. ಬಾಗಿಲು ತೆರೆಯಿತು.

ದೇವರೇ, ಆ ನೋಟ! ಗಂಡಸರ ಸಾಲು ಒಂದು ಕಡೆಯಿಂದ, ಹೆಂಗಸರ ಸಾಲು ಇನ್ನೊಂದು ಕಡೆಯಿಂದ, ಮುಸುಕು ತಲೆಯ ಮೇಲೆಯೇ, ಬರಿಗಾಲಲ್ಲಿ ಧಡಧಡ ಇಳಿದರು. ಮೊರಿತಾ ತಾತನನ್ನು ಇಬ್ಬರು ಕೈಕುರ್ಚಿ ಮಾಡಿ ತಂದರು. ಕೊನೆಗೆ ಗೆಂಜಿ, ಎದೆಗೊತ್ತಿ ಹಿಡಿದ ಮರದ ಪೆಟ್ಟಿಗೆಯೊಂದಿಗೆ. ತಾಲೀಮಿನಲ್ಲಿ ಮಾತೆಯ ಬದಲು ಹೊರಬೇಕಾದ ಪೆಟ್ಟಿಗೆ ಅದು, ತೊಮೆ ಅಜ್ಜಿ ಗೆಣಸು ತುಂಬಿಸಿ ಕೊಟ್ಟದ್ದು.

"ಒಂದು ನಿಮಿಷ ನಲವತ್ತೆಂಟು!"

ಎಲ್ಲರೂ ಹೋ ಎಂದು ಕೂಗಿದರು. ಎಪ್ಪತ್ತು ದಾಟಿದ ಹೆಂಗಸರು ಕಲ್ಲಿನ ಮೇಲೆ ಕಾಲು ಎತ್ತಿ ಎತ್ತಿ ಇಡುತ್ತ ಮಕ್ಕಳ ಹಾಗೆ ನಗುತ್ತಿದ್ದರು. ನಾನೂ ನಕ್ಕೆ. ಕಣ್ಣೂ ಒದ್ದೆಯಾಯಿತು, ಸುಳ್ಳು ಏಕೆ ಹೇಳಲಿ.

"ಏನಜ್ಜಿ ಇದು, ಗೆಣಸಾ ಗುಂಡುಕಲ್ಲಾ?" ಗೆಂಜಿ ಪೆಟ್ಟಿಗೆ ಇಳಿಸಿ ಏದುಸಿರು ಬಿಟ್ಟ.

"ಐದು ಕಿಲೋ ಮುನ್ನೂರು ಗ್ರಾಂ," ಎಂದಳು ತೊಮೆ ಅಜ್ಜಿ. "ಮಾತೆ ಎಷ್ಟಿದಾಳೋ ಅಷ್ಟೇ. ಒಂದು ಗೆಣಸು ಜಾಸ್ತಿ ಇಲ್ಲ, ಒಂದು ಕಮ್ಮಿ ಇಲ್ಲ. ನನ್ನ ಕೈಗೆ ಗೊತ್ತು."

ಅವಳ ಕೈಗೆ ಮಾತ್ರ ಗೊತ್ತು ಎಂಬುದು ನಿಜ. ಮಾತೆ ಎಂದರೆ ಮೊಣಕೈಯುದ್ದದ ಬಿಳಿ ಪಿಂಗಾಣಿ ಮೂರ್ತಿ. ಹೊರಗಿನವರಿಗೆ ಬೌದ್ಧರ ಕರುಣಾದೇವಿ ಎಂದು ತೋರಿಸಿ, ಒಳಗೊಳಗೆ ಮರಿಯಮ್ಮನೆಂದು ಪೂಜಿಸಿ, ಇನ್ನೂರೈವತ್ತು ವರ್ಷ ನಮ್ಮವರು ಬಚ್ಚಿಟ್ಟು ಉಳಿಸಿಕೊಂಡ ಮೂರ್ತಿ. ಬಿರುಗಾಳಿಗೆ ಉರುಳಬಾರದೆಂದು ಹಳಬರು ತಳಕ್ಕೆ ಸೀಸ ತುಂಬಿದ್ದಾರೆ. ಅದನ್ನು ಮುಟ್ಟುವ ಹಕ್ಕು ತೊಮೆ ಅಜ್ಜಿಯ ಮನೆಯವರಿಗೆ ಮಾತ್ರ. ಊರಿನ ಬೇರೊಬ್ಬರು ಎತ್ತಿದ್ದಿಲ್ಲ.

ಅದಕ್ಕೇ ನನಗೆ ಯೋಚನೆ. ಪತ್ರ ಬರೆದವನಿಗೆ ಬೇಕಾದದ್ದು ಬೆಂಕಿಯಲ್ಲ, ಮಾತೆ ಗೂಡಿನಿಂದ ಕೆಳಗಿಳಿಯುವುದು. ಹಾಗೆಂದು ಮೊದಲ ದಿನವೇ ಅನ್ನಿಸಿತ್ತು.

"ಡಿಸೆಂಬರಿನಿಂದ ಈಚೆಗೆ ಇಗರ್ಜಿ ಕೀಲಿ ಯಾರ್ಯಾರ ಹತ್ರ ಇತ್ತು?" ಎಲ್ಲರೆದುರೇ ಕೇಳಿದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಬಡಗಿ ಶಿಗೆತೊ ಜೇಬು ಮುಟ್ಟಿಕೊಂಡ. ಡಿಸೆಂಬರಿನಲ್ಲಿ ಸೂರು ರಿಪೇರಿ ಮಾಡಿದವನು.

"ಕೀಲಿ ಅಂದೇ ವಾಪಸ್ ಕೊಟ್ಟೆ ಅಕ್ಕ! ನಾನು ಮೇಲಿನ ಸೂರು ನೋಡಿದೀನಿ, ಪಕ್ಕದ ಗೂಡು ನೋಡಿಲ್ಲ."

"ನಿನ್ನನ್ನ ಯಾರೂ ಏನೂ ಅನ್ನಲಿಲ್ಲವಲ್ಲೋ."

"ಅಂದೋರ ಹಾಗೆ ನೋಡ್ತೀಯ ನೀನು!"

"ಇನ್ನೊಂದು ಕೀಲಿ ನನ್ನ ಹತ್ರ ಇದೆ," ಎಂದ ಗೆಂಜಿ ತಾನಾಗಿಯೇ. "ದಳದ ಕೀಲಿ. ಮುಚ್ಚುಮರೆ ಏನಿಲ್ಲ. ಮಾತೆ ನಾಗಸಾಕಿಗೆ ಹೋಗೋದೇ ವಾಸಿ ಅಂತ ಹೇಳಿದವನೂ ನಾನೇ. ಅಲ್ಲಿ ಗಾಜಿನ ಪೆಟ್ಟಿಗೆ ಇದೆ, ಕಾವಲು ಇದೆ. ಇಲ್ಲಿ ಏನಿದೆ? ನಾನು, ಆರು ಮುದಿ ಮೀನುಗಾರರು."

"ಇಲ್ಲಿ ನಾವಿದೀವಿ," ಎಂದಳು ತೊಮೆ ಅಜ್ಜಿ.

"ಆಯ್ತಜ್ಜಿ. ಆದ್ರೆ ನಾಳೆ ಅಧಿಕಾರಿ ಗೆಣಸು ನೋಡಲ್ಲ. ನಿಜವಾದ ಮಾತೇನೇ ಎತ್ತಿ ಅಂತಾನೆ. ಇವತ್ತು ನಾನೊಂದ್ಸಲ ಎತ್ತಿ ನೋಡ್ತೀನಿ."

ಅವನು ಒಳಗೆ ನಡೆದು ಪೀಠದ ಪಕ್ಕದ ಗೂಡಿನತ್ತ ಕೈ ಚಾಚಿದ. ಹಿಂದೆಯೇ ಹೋದ ಅಜ್ಜಿ ಆ ಕೈಗೆ ಫಟ್ಟೆಂದು ಹೊಡೆದಳು.

"ಕೈ ತೆಗಿ. ನಾನು ಸತ್ತ ಮೇಲೆ ಮುಟ್ಟು."

ಆಮೇಲೆ, ನಾವೆಲ್ಲ ನೋಡುತ್ತಿದ್ದಂತೆ, ಅವಳೇ ಗೂಡಿನಿಂದ ಮಾತೆಯನ್ನು ಇಳಿಸಿಕೊಂಡಳು. ಎದೆಗೊತ್ತಿಕೊಂಡು ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಬಾಗಿಲ ತನಕ ಬಂದು, ಹೊಸಿಲ ಮೇಲೆ ನಿಂತಳು. ಬಿಸಿಲು ಬಿತ್ತು. ಇಡೀ ಊರು ಮಂಡಿಯೂರಿತು, ಗೆಂಜಿಯೂ ಸಹ. ಕಿಟಕಿಯ ಗಾಜಿನಲ್ಲಿದ್ದ ಕೆಂಪು ಕಮೇಲಿಯಾ ಹೂಗಳ ಬಣ್ಣ ಅವಳ ಬೆನ್ನ ಮೇಲೆ ಬಿದ್ದಿತ್ತು. ನಾನು ಈ ಊರಲ್ಲಿ ಹುಟ್ಟಿದೆನಲ್ಲ ಎಂದು ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಅವಳು ತಿರುಗಿ ಹೋಗಿ ಮಾತೆಯನ್ನು ಗೂಡಿನಲ್ಲಿಟ್ಟಳು. ಆಗ ನನ್ನ ಹಾಳು ಕಣ್ಣು ಕೈ ನೋಡಿತು.

ಪಟ್ಟಿ ಕಟ್ಟಿದ ಬಲಗೈ ಸುಮ್ಮನೆ ಮೂರ್ತಿಗೆ ಹೊದಿಸಿದ ಬಟ್ಟೆಗೆ ತಾಗಿತ್ತು, ಅಷ್ಟೇ. ಎಂಬತ್ತನಾಲ್ಕರ ಮುದುಕಿ ಐದು ಕಿಲೋ ಮುನ್ನೂರು ಗ್ರಾಮನ್ನು ಒಂದೇ ಎಡಗೈಯಲ್ಲಿ, ತನ್ನ ತಲೆಗಿಂತ ಎತ್ತರದ ಗೂಡಿಗೆ ಏರಿಸಿದ್ದಳು. ಗೆಂಜಿಗೆ ಏದುಸಿರು ತರಿಸಿದ ಭಾರಕ್ಕೆ ಅವಳ ಮೊಣಕೈ ಒಂದಿಷ್ಟೂ ನಡುಗಿರಲಿಲ್ಲ.

ಗೂಡಿನಲ್ಲಿದ್ದದ್ದು ಮಾತೆಯಲ್ಲ. ಅದು ತೊಮೆ ಅಜ್ಜಿಗೆ ಮೊದಲೇ ಗೊತ್ತಿತ್ತು.

---

ಗೆಂಜಿಯ ಕೊಟ್ಟಿಗೆಯಲ್ಲಿ ಹಾರುಮೀನಿನ ಸಾರು, ಶಾವಿಗೆ ಕಾದಿತ್ತು. ಗೆಂಜಿಯ ಹಿಂದೆ ಜನ ಬೂಟು ಹಾಕಿಕೊಂಡು, ಈ ಸಲವೂ "ನೀವು ಮೊದಲು" ಎನ್ನುತ್ತ, ಗದ್ದಲ ಮಾಡಿಕೊಂಡು ಮೆಟ್ಟಿಲಿಳಿದರು. ಜಗಲಿಯಲ್ಲಿ ಉಳಿದದ್ದು ಎರಡೇ ಜೊತೆ. ನನ್ನ ಕಪ್ಪು ಬೂಟು, ತೊಮೆ ಅಜ್ಜಿಯ ನೀಲಿ ಕ್ಯಾನ್ವಾಸ್ ಶೂ.

ಅಜ್ಜಿ ಹಿಂದಿನ ಅಡುಗೆಕೋಣೆಯಲ್ಲಿದ್ದಳು. ಪೀಠದ ಪಕ್ಕದ ಬಾಗಿಲಿಂದ ಒಳಗೊಳಗೇ ಅಲ್ಲಿಗೆ ಹೋಗಬಹುದು. ಒಲೆಯ ಮೇಲೆ ಒಣಗೆಣಸು ಬೆರೆಸಿದ ಮೋಚಿ ಎಂಬ ಅಕ್ಕಿಯ ಬಿಲ್ಲೆ ಸುಡುತ್ತಿದ್ದಳು.

"ಬಾ ಸೆತ್ಸು. ಬಿಸಿ ಇದೆ, ತಿನ್ನು."

"ಮೊದಲು ಒಂದು ಮಾತು ಹೇಳಜ್ಜಿ. ಗೂಡಲ್ಲಿರೋದು ಏನು?"

ಅವಳು ಮೋಚಿ ಮಗುಚಿದಳು.

"ಯಾವಾಗ ಗೊತ್ತಾಯ್ತು?"

"ನೀನು ಎಡಗೈಯಲ್ಲಿ ಎತ್ತಿದಾಗ."

"ಥೂ," ಎಂದಳು. "ಎರಡೂ ಕೈ ಕೊಡ್ಬೇಕಿತ್ತು. ಬಿಸಿಲು ನೋಡಿ ಮರ್ತೆ."

"ಬೇಲೀನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ ಅಜ್ಜಿ! ಇಡೀ ಊರು ಮಂಡಿಯೂರಿತು. ನಾನೂ ಊರಿದೆ. ಯಾವುದಕ್ಕೆ?"

"ಸುಣ್ಣದ ಬೊಂಬೆಗೆ. ನಮ್ಮ ಯಜಮಾನರು ಬದುಕಿದ್ದಾಗ ಅಚ್ಚು ಹಾಕಿ ಮಾಡಿದ್ದು." ಅವಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ನಾಚಿಕೆ ಎಂಬುದು ಹುಡುಕಿದರೂ ಇರಲಿಲ್ಲ. "ಮೇದಿಲ್ಲ ನಾನು. ಬಚ್ಚಿಟ್ಟಿದೀನಿ. ಪತ್ರ ಬಂದ ಮಾರನೇ ದಿನಾನೇ ಬಚ್ಚಿಟ್ಟೆ. ನಮ್ಮ ಮನೇಲಿ ಏಳು ತಲೆಮಾರು ಮಾಡಿರೋ ಕೆಲಸ ಇದೊಂದೇ. ಯಾರೋ ಬೆದರಿಕೆ ಹಾಕ್ತಾನೆ, ಮಾತೇನ ಮೊಳೆಗೆ ಕ್ಯಾಲೆಂಡರ್ ತೂಗಿ ಹಾಕಿದ ಹಾಗೆ ಇಟ್ಕೊಂಡು ಕೂರ್ಲಾ?"

"ನನಗೆ ಹೇಳಬಹುದಿತ್ತು."

"ನಿನಗೆ ಹೇಳಿದ್ರೆ ಪುಸ್ತಕದಲ್ಲಿ ಬರ್ಕೊಳ್ತಿದ್ದೆ."

ಅದೂ ನಿಜವೇ. ಬರೆದುಕೊಳ್ಳುತ್ತಿದ್ದೆ.

"ಹಾಗಾದ್ರೆ ಪೆಟ್ಟಿಗೆಗೆ ಐದು ಕಿಲೋ ಮುನ್ನೂರು ಯಾಕೆ ತುಂಬಿದೆ? ಹಗುರ ಗೆಣಸು ತುಂಬಿದ್ರೆ ನನಗೆ ಈ ಜನ್ಮದಲ್ಲಿ ಗೊತ್ತಾಗ್ತಿರಲಿಲ್ಲ."

ಅಜ್ಜಿಗೆ ಸಿಟ್ಟು ಬಂತು. "ಮಾತೆ ಭಾರದಲ್ಲಿ ಮೋಸ ಮಾಡ್ಲಾ? ನಾಳೆ ನಿಜವಾಗ್ಲೂ ಬೆಂಕಿ ಬಿದ್ದು, ಹೊರೋನು ಹಗುರ ಅಂತ ಒಂದೇ ಕೈ ಹಾಕಿ ಕೆಡವಿಬಿಟ್ರೆ? ತಾಲೀಮು ಅಂದ್ರೆ ತಾಲೀಮು. ಭಾರ ಸರಿ ಇರಬೇಕು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊರನ್ನೆಲ್ಲ ನಂಬಿಸಿದವಳು ತಕ್ಕಡಿಯ ಮುಂದೆ ಸತ್ಯವಂತೆಯಾಗಿದ್ದಳು. ಮೂವತ್ತೊಂದು ವರ್ಷದಲ್ಲಿ ನಾನು ಇಂಥ ಆರೋಪಿಯನ್ನು ನೋಡಿರಲಿಲ್ಲ.

"ನಾಳೆ ಅಧಿಕಾರಿ ಬರ್ತಾನೆ ಅಜ್ಜಿ. ಅವನು ಮೂರ್ತಿ ಎತ್ತಿಸಿ ನೋಡ್ತಾನೆ. ಸುಣ್ಣದ ಬೊಂಬೆ ಸಿಕ್ಕಿದ್ರೆ ಬೀಗ ಹಾಕೋಕೆ ಅವನಿಗೆ ಬೇರೆ ಕಾರಣ ಬೇಡ. ಈಗಲೇ ತೆಗಿ. ಎಲ್ಲಿದೆ?"

ಅವಳು ಒಲೆ ಆರಿಸಿ, ಮೂಲೆಯಲ್ಲಿದ್ದ ದೊಡ್ಡ ಮರದ ಪೀಪಾಯಿ ತೋರಿಸಿದಳು. ಹಬ್ಬದೂಟಕ್ಕೆ ಅಕ್ಕಿತೌಡಿನಲ್ಲಿ ಮೂಲಂಗಿ ಹೂತು ಉಪ್ಪಿನಕಾಯಿ ಹಾಕುವ ಪೀಪಾಯಿ. ಪತ್ರ ಬರೆದವನ ಸುಳಿವಿಗಾಗಿ ನಾನು ಈ ಮೂರು ವಾರದಲ್ಲಿ ಆ ಕೋಣೆಯ ಇಲಿಬಿಲವನ್ನೂ ಬಿಡದೆ ಹುಡುಕಿದ್ದೆ. ಅದರ ಮೇಲೆ ಕೂತು ಚಹಾ ಕುಡಿದಿದ್ದೆ.

"ಅಧಿಕಾರಿಗಳು ನಮ್ಮ ಮುತ್ತಜ್ಜಿ ಮನೆ ಹುಡುಕಿದಾಗಲೂ ಇದ್ರ ಮೇಲೇ ಕೂತಿದ್ರಂತೆ," ಎಂದಳು ಅಜ್ಜಿ. ಅವಳ ಕಣ್ಣು ಹೊಳೆಯುತ್ತಿತ್ತು.

ಮುಚ್ಚಳ ತೆಗೆದೆವು. ಅಜ್ಜಿ ಅಕ್ಕಿತೌಡಿನೊಳಗೆ ಎಡಗೈ ಮೊಣಕೈವರೆಗೆ ಇಳಿಸಿ, ಮೇಣಬಟ್ಟೆಯ ಗಂಟೊಂದನ್ನು ಎಳೆದಳು. ಈ ಸಲ ಹೆಗಲು ವಾಲಿತು. ನಾನೂ ಕೈ ಕೊಟ್ಟೆ.

"ನೋಡು," ಎಂದಳು ಹೆಮ್ಮೆಯಿಂದ. "ಇದು ಮಾತೆ ಭಾರ. ಮೊನ್ನೆ ಗುರುವಾರಾನೂ ಕತ್ತಲಲ್ಲೇ ಒಂದ್ಸಲ ಎತ್ತಿ ನೋಡ್ದೆ. ಸರಿಯಾಗಿತ್ತು, ಮುಚ್ಚಿಟ್ಟೆ."

ಬಟ್ಟೆಯ ಮೇಲಿನ ತೌಡು ಒರೆಸಿ ಗಂಟಿಗೆ ಬೆರಳು ಹಾಕಿದವಳು ಅಲ್ಲೇ ನಿಂತಳು.

"ಏನಾಯ್ತಜ್ಜಿ?"

ನಾನೇ ಗಂಟು ಬಿಚ್ಚಿದೆ. ಒಳಗೆ ಮೊಣಕೈಯುದ್ದದ ಒಂದು ಕರಿ ಕಲ್ಲು. ದಡದ ಕಲ್ಲು, ಅಲೆಗೆ ನುಣುಪಾದದ್ದು. ಮಾತೆ ಇರಲಿಲ್ಲ.

ಗೋಡೆಯ ತಕ್ಕಡಿಗೆ ಇಟ್ಟೆ. ಐದು ಕಿಲೋ ಮುನ್ನೂರು.

ಸುಮ್ಮನೆ ಕಲ್ಲಿಟ್ಟು ಹೋದ ಕಳ್ಳನಲ್ಲ ಇವನು. ಹತ್ತಾರು ಕಲ್ಲು ಎತ್ತಿ ನೋಡಿ, ಈ ಮುದುಕಿಯ ಕೈಗೂ ಅನುಮಾನ ಬಾರದಂಥದ್ದನ್ನು ಆರಿಸಿದವನು.

"ಅಜ್ಜಿ, ನಿನ್ನ ಬಿಟ್ಟು ಮಾತೇನ ಎತ್ತಿದವರು ಯಾರು? ಯೋಚನೆ ಮಾಡಿ ಹೇಳು."

"ಯಾರೂ ಇಲ್ಲ."

"ಈ ಪೀಪಾಯಿ ವಿಷಯ ಗೊತ್ತಿರೋರು?"

"ಯಾರೂ ಇಲ್ಲ ಅಂದ್ನಲ್ಲ."

"ಗಂಟು ನೋಡಿದ ಕೂಡ್ಲೇ ಯಾಕೆ ನಿಂತೆ?"

ಅವಳು ಸುಟ್ಟ ಮೋಚಿಯ ಕಡೆ ನೋಡುತ್ತಿದ್ದಳು. ನಾನು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹಗ್ಗದ ತುದಿ ಎಡಕ್ಕೆ ಸುತ್ತಿ ಬಿಗಿದ ಗುರುತು ಮೇಣದಲ್ಲಿ ಅಚ್ಚೊತ್ತಿತ್ತು. ಮೀನುಗಾರರ ಗಂಟು, ಆದರೆ ಎಡಗೈಯವನು ಹಾಕಿದ್ದು. ಊರಿನಲ್ಲಿ ಈಗ ಎಡಗೈಯವರು ಯಾರೂ ಇಲ್ಲ. ಹಿಂದೆ ಒಬ್ಬನಿದ್ದ, ಮಿಕಾಯೆರು.

"ಹದಿನೈದು ತುಂಬಿದ ದಿನ ಅವನ ಕೈಗೆ ಕೊಟ್ಟಿದ್ದೆ," ಎಂದಳು ಅಜ್ಜಿ ಕೊನೆಗೆ. ದನಿ ಅವಳದ್ದೆಂದು ಅನ್ನಿಸಲಿಲ್ಲ. "ಮುಂದೆ ಅವನೇ ನೋಡ್ಕೋಬೇಕಲ್ಲ ಅಂತ. ಕಣ್ಣು ಮುಚ್ಚಿ ಎತ್ತು, ಭಾರ ಕೈಯಲ್ಲಿ ಬರ್ಕೋ ಅಂದೆ. ಪೀಪಾಯೀನೂ ತೋರಿಸ್ದೆ. ಸತ್ತೋನು ಗಂಟು ಹಾಕ್ತಾನಾ ಸೆತ್ಸು?"

ಅವಳ ಭುಜ ಹಿಡಿದು, "ನಡಿ, ಮೊದಲು ಹೊರಗೆ ಹೋಗೋಣ. ಗೆಂಜಿಗೆ ಹೇಳಿ ದೋಣಿಗಳನ್ನ ತಡೆಸಬೇಕು," ಎಂದೆ.

ಪೀಠ ದಾಟಿ, ಖಾಲಿ ಬೆಂಚುಗಳ ನಡುವೆ ನಡೆದು ಜಗಲಿಗೆ ಬಂದೆವು. ನಾನು ಬೂಟಿಗೆ ಕಾಲು ಚಾಚಿದವಳು ಹಿಂದಕ್ಕೆಳೆದುಕೊಂಡೆ.

ಜಗಲಿಯಲ್ಲಿ ಮೂರು ಜೊತೆ ಇದ್ದವು.

ಮೂರನೆಯದು ಗಂಡಸಿನ ರಬ್ಬರ್ ಬೂಟು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನಮ್ಮ ಊರಿನ ಯಾರದ್ದೂ ಅಲ್ಲ. ಹೊರಗೆ ಮುಖ ಮಾಡಿ, ಹಿಮ್ಮಡಿಗೆ ಹಿಮ್ಮಡಿ ಕೂಡಿಸಿ, ಅಚ್ಚುಕಟ್ಟಾಗಿ ಇಟ್ಟಿತ್ತು.

ಕಳ್ಳನಾಗಿದ್ದರೆ ಬೂಟು ಬಿಡುತ್ತಿರಲಿಲ್ಲ. ಮೂರು ಸೆಕೆಂಡ್ ಉಳಿಸಲು ಹಾಗೇ ನುಗ್ಗುತ್ತಿದ್ದ. ಸಾಯುವ ಗಡಿಬಿಡಿಯಲ್ಲೂ ಈ ಹೊಸಿಲಲ್ಲಿ ಬೂಟು ಬಿಟ್ಟು ಒಳಗೆ ಹೋಗುವವರು ನಾವು ಮಾತ್ರ. ಒಳಗಿರುವವನು ನಮ್ಮವನು.

ತಲೆಯ ಮೇಲೆ, ಹಾಡುವವರ ಅಟ್ಟದಲ್ಲಿ, ಹಲಗೆ ಕಿರ್ರೆಂದಿತು.

ನನ್ನ ಕೈ ಕುತ್ತಿಗೆಯ ಸೀಟಿಗೆ ಹೋಯಿತು, ಅಲ್ಲೇ ನಿಂತಿತು. ಹೆತ್ತ ಮಗನ ಬೂಟಾದರೂ ಸರಿ ಎಂದು ಬೆಳಿಗ್ಗೆ ಎಷ್ಟು ಸಲೀಸಾಗಿ ಅಂದುಬಿಟ್ಟಿದ್ದೆ! ಹತ್ತೊಂಬತ್ತು ವರ್ಷ ಖಾಲಿ ಗೋರಿಗೆ ಹೂವಿಟ್ಟ ಹೆಂಗಸಿನ ಮುಂದೆ ಊದುವ ಧೈರ್ಯ ನನಗಿರಲಿಲ್ಲ. ಅವಳು ಬೇಡ ಎಂದಿದ್ದರೆ, ದೇವರಾಣೆ, ನಾನು ಊದುತ್ತಿರಲಿಲ್ಲ.

ತೊಮೆ ಅಜ್ಜಿ ಬಗ್ಗಿ ಆ ಬೂಟಿನ ಒದ್ದೆ ಮುಟ್ಟಿ ನೋಡಿದಳು. ಎದ್ದಳು. ಬೆನ್ನು ನೆಟ್ಟಗಾಯಿತು. ಪಟ್ಟಿ ಕಟ್ಟಿದ ಕೈಯಿಂದಲೇ ನನ್ನ ಕುತ್ತಿಗೆಯ ಸೀಟಿ ಎಳೆದುಕೊಂಡಳು.

"ಮಾತೆ ಊರಿನೋಳು," ಎಂದಳು. "ಮಗ ನನ್ನೊಬ್ಬಳವನು."

ಊದಿದಳು. ಕಡಲ ತನಕ ಕೇಳುವ ಹಾಗೆ ಊದಿದಳು. ಆ ಪುಟ್ಟ ಎದೆಯಲ್ಲಿ ಅಷ್ಟು ಉಸಿರು ಎಲ್ಲಿತ್ತೋ. ನನಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು.

ಅಟ್ಟದಿಂದ ಗಂಡಸಿನ ದನಿ ಬಂತು. ಒಡಕು ದನಿ, ಆದರೆ ನನಗೂ ಗುರುತು ಸಿಕ್ಕಿತು.

"ಅಮ್ಮಾ! ಏನು ಮಾಡಿಬಿಟ್ಟೆ! ಪತ್ರ ಬರೆದೋನು ನಾನಲ್ಲ. ಈ ಸದ್ದಿಗೆ ಎಲ್ಲರಿಗಿಂತ ಮೊದಲು ಯಾವನು ಓಡಿ ಬರ್ತಾನೋ, ಅವನು!"

ಸೀಟಿ ಮೊಳಗಿದಾಗಲೇ ಅಭ್ಯಾಸಬಲದಿಂದ ಗಡಿಯಾರ ಒತ್ತಿದ್ದ ನಾನು ಮೆಟ್ಟಿಲ ಕಡೆ ತಿರುಗಿದೆ. ಗೆಂಜಿ ಬರುತ್ತಿದ್ದ. ಬರಿಗಾಲಲ್ಲಿ, ನಾನು ಕಲಿಸಿದ ಹಾಗೆಯೇ. ಕೊನೆಯ ಮೆಟ್ಟಿಲು ಹತ್ತಿ ಅಂಗಳಕ್ಕೆ ಕಾಲಿಟ್ಟು, ನಮ್ಮಿಬ್ಬರನ್ನೂ ನೋಡಿ ನಕ್ಕ.

ಗಡಿಯಾರ ನೋಡಿದೆ. ಕೊಟ್ಟಿಗೆಯಿಂದ ಅವನ ಅತ್ಯುತ್ತಮ ಓಟ ಒಂದು ನಿಮಿಷ ಇಪ್ಪತ್ತು ಸೆಕೆಂಡ್. ಹದಿನಾಲ್ಕು ಸೆಕೆಂಡ್.